ಪೇಪರಿನಲ್ಲಿ ಬರುವ ಹುಡುಗಿ, ಪೇಪರಿನಲ್ಲಿ ಬಾರದ ಹುಡುಗಿ

ಕಳೆದ ತಿಂಗಳು ಸಂಬಂಧಿಕರ ಮನೆಯೊಂದರಲ್ಲಿ ಮದುವೆ. ಬಿರಿಯಾನಿಗೆ ಅಡುಗೆಯವರು ಬರುತ್ತಾರೆ, ಆದರೆ ಮುಂಚಿನ ರಾತ್ರಿಯ ಊಟಕ್ಕೆ ಅಕ್ಕಿ ರೊಟ್ಟಿ ತಟ್ಟುವ ಕೆಲಸ ಈಗಲೂ ಮನೆಯ ಹೆಂಗಸರದ್ದೇ. ಏಳೆಂಟು ಜನ ಹಿಂದಿನ ಚಾವಡಿಯಲ್ಲಿ ಕೂತಿದ್ದೆವು. ಅಷ್ಟೊತ್ತಿಗೆ ಒಬ್ಬರ ಮೊಬೈಲಿಗೆ ಫ್ಯಾಮಿಲಿ ಗ್ರೂಪಿನಿಂದ ಒಂದು ಪೇಪರ್ ಕಟ್ಟಿಂಗ್ ಬಂತು. ಜಿಲ್ಲೆಯ ಒಂದು ಊರು, ಹತ್ತನೇ ತರಗತಿಯ ಹುಡುಗಿ, ಹೊಟ್ಟೆ ನೋವೆಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಐದು ತಿಂಗಳು. ಮೊಬೈಲ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು. ಹಿಟ್ಟಿನ ಕೈಯಲ್ಲೇ ಎಲ್ಲರೂ ನೋಡಿದರು.

“ಯಾರ ಮಗಳಂತೆ?” ಎಂದು ಮೊದಲ ಪ್ರಶ್ನೆ. “ನಮ್ಮವಳಾ?” ಎಂದು ಎರಡನೆಯದ್ದು. “ಉಮ್ಮ ಎಂತ ಮಾಡ್ತಿದ್ಲಂತೆ?” ಎಂದು ಮೂರನೆಯದ್ದು. ಕಡೆಗೆ ಹಿರಿಯ ಮಾಮಿಯೊಬ್ಬರು ರೊಟ್ಟಿಯನ್ನು ಕಾವಲಿಗೆ ಹಾಕುತ್ತಾ ತೀರ್ಪು ಹೇಳಿದರು: “ಇದಕ್ಕೇ ನಾವು ಹೇಳುದು, ಬೇಗ ಒಂದು ಕಡೆ ಸೇರಿಸಿಬಿಡ್ಬೇಕು ಅಂತ.” ಎಲ್ಲರೂ ಹೌದು ಎಂದರು.

ಅವರು ಹಾಗೆ ಹೇಳುವಾಗ ಅವರ ಪಕ್ಕದಲ್ಲೇ ಆ ಮನೆಯ ಸಣ್ಣ ಸೊಸೆ ಕೂತಿದ್ದಳು. ಅವಳಿಗೆ ಏಳು ತಿಂಗಳು. ಬೆನ್ನು ನೋವೆಂದು ಗೋಡೆಗೆ ದಿಂಬು ಇಟ್ಟುಕೊಟ್ಟಿದ್ದರು. ಬಂದವರೆಲ್ಲ ಅವಳ ಹೊಟ್ಟೆ ಮುಟ್ಟಿ ನೋಡಿ ದುಆ ಮಾಡಿ ಹೋಗುತ್ತಿದ್ದರು. ಕಳೆದ ವರ್ಷ ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದವಳು. ಹದಿನೆಂಟು ತುಂಬಿದ ಮರುತಿಂಗಳೇ ನಿಕಾಹ್ ಆಗಿತ್ತು, ಹುಡುಗನಿಗೆ ಗಲ್ಫಿನಿಂದ ಎರಡು ತಿಂಗಳ ರಜೆ ಸಿಕ್ಕಿತ್ತೆಂದು. ಕಾನೂನಿನ ಲೆಕ್ಕದಲ್ಲಿ ಎಂತ ತಪ್ಪೂ ಇಲ್ಲ. ಆದರೆ ಮೊಬೈಲಿನಲ್ಲಿದ್ದ ಹುಡುಗಿಗೂ ಇವಳಿಗೂ ನಡುವೆ ಇರುವುದು ಎರಡು ಮೂರು ವರ್ಷ, ಅಷ್ಟೇ. ಒಬ್ಬಳ ಸುದ್ದಿ ಓದಿ ನಾವು ‘ಅಸ್ತಗ್ಫಿರುಲ್ಲಾಹ್’ ಎಂದೆವು. ಇನ್ನೊಬ್ಬಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆವು. ಇಬ್ಬರಲ್ಲಿ ಯಾರ ಮೈಗೆ ಎಂತ ಆಗ್ತಾ ಉಂಟು, ಯಾರ ಓದು ಎಲ್ಲಿ ನಿಂತಿತು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಪಾಠ ಮಾಡಿದವಳು ನಾನು.

ಆ ರಾತ್ರಿಯಿಂದ ನನ್ನ ತಲೆಯಲ್ಲಿ ಸುತ್ತುತ್ತಿರುವುದು ಇದು: ಸಣ್ಣ ಪ್ರಾಯದ ತಾಯಂದಿರ ಬಗ್ಗೆ ನಮ್ಮ ಮನೆಯ ಹೆಂಗಸರು ಗಂಡಸರು ಯೋಚಿಸುವ ರೀತಿಯನ್ನು ಕಲಿಸಿಕೊಟ್ಟವರು ಯಾರು? ಉಸ್ತಾದರು ಎನ್ನಬಹುದು, ಹಿರಿಯರು ಎನ್ನಬಹುದು. ಅರ್ಧ ಮಟ್ಟಿಗೆ ಹೌದು. ಉಳಿದ ಅರ್ಧವನ್ನು ಕಲಿಸಿದ್ದು ಪೇಪರ್, ಟಿ.ವಿ., ಸಿನೆಮಾ, ಈಗ ಮೊಬೈಲ್.

ಪೇಪರಿನಿಂದಲೇ ಶುರು ಮಾಡುವ. ಇಂಥ ಸುದ್ದಿಯ ತಲೆಬರಹ ಹೇಗಿರುತ್ತದೆ ಎಂದು ಗಮನಿಸಿದ್ದೀರಾ? ‘ಅಪ್ರಾಪ್ತೆ ಗರ್ಭಿಣಿ’, ‘ವಿದ್ಯಾರ್ಥಿನಿ ಗರ್ಭವತಿ’, ‘ಶಿಶುವಿಗೆ ಜನ್ಮ ನೀಡಿದ ಬಾಲಕಿ’. ಕನ್ನಡ ವ್ಯಾಕರಣ ಹೇಳಿಕೊಟ್ಟವಳಾದ್ದರಿಂದ ನನಗೆ ಕರ್ತೃಪದ ಹುಡುಕುವ ಚಟ. ಇಲ್ಲಿ ಕರ್ತೃ ಯಾರು? ಹುಡುಗಿ. ಅವಳೇ ಗರ್ಭಿಣಿ ಆದಳು. ಮಳೆ ಬಂತು, ಮರ ಬಿತ್ತು ಎನ್ನುವ ಹಾಗೆ. ಮಾಡಿದವನು ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಮೂರನೇ ಪ್ಯಾರಾದಲ್ಲಿ ಅವನು ‘ಪರಿಚಯಸ್ಥ’ನಾಗಿ ಬರುತ್ತಾನೆ, ಅಥವಾ ‘ಪ್ರೀತಿಸುವ ನಾಟಕವಾಡಿದ ಯುವಕ’. ಕೆಲವೊಮ್ಮೆ ಅವನು ಮನೆಯೊಳಗಿನವನೇ ಆಗಿರುತ್ತಾನೆ, ಆಗ ‘ಸಂಬಂಧಿ’. ಹದಿನೆಂಟರ ಒಳಗಿನ ಹುಡುಗಿಯ ಒಪ್ಪಿಗೆಗೆ ನಮ್ಮ ಕಾನೂನಿನಲ್ಲಿ ಬೆಲೆಯೇ ಇಲ್ಲ. ಅಲ್ಲಿ ನಡೆದದ್ದಕ್ಕೆ ಪೋಕ್ಸೊ ಕಾಯ್ದೆ ಕೊಟ್ಟ ಹೆಸರು ಲೈಂಗಿಕ ದೌರ್ಜನ್ಯ. (ಇಬ್ಬರೂ ಹದಿಹರೆಯದವರೇ ಆಗಿದ್ದಾಗ ಈ ಕಾನೂನು ಹುಡುಗನ ಪಾಲಿಗೆ ವಿಪರೀತ ಕಠಿಣ ಆಗುತ್ತದೆ ಎನ್ನುವ ವಾದ ಉಂಟು, ಅದು ಸುಮ್ಮನೆ ತಳ್ಳಿಹಾಕುವ ವಾದ ಅಲ್ಲ.) ಆದರೆ ಕಾನೂನು ದೌರ್ಜನ್ಯ ಎನ್ನುವುದನ್ನು ಪೇಪರು ‘ಪ್ರೇಮ ಪ್ರಕರಣ’ ಎಂದು ಬರೆಯುತ್ತದೆ. ಓದುವ ಮನೆಗೆ ಮುಟ್ಟುವುದು ಎರಡನೆಯದ್ದೇ. ಹಾಗಾಗಿಯೇ ನಮ್ಮ ಮೊದಲ ಪ್ರಶ್ನೆ ‘ಯಾರ ಮಗಳು’ ಎಂದಾಯಿತು, ‘ಅವನು ಯಾರು’ ಎಂದು ಆಗಲಿಲ್ಲ.

ಇನ್ನು ಚಿತ್ರ. ಗೋಡೆಗೆ ಮುಖ ಮಾಡಿ, ಮಂಡಿಗೆ ತಲೆ ಕೊಟ್ಟು ಕೂತ ಹುಡುಗಿಯ ನೆರಳು. ಎಲ್ಲ ಪೇಪರಿಗೂ ಅದೇ ಒಂದು ಚಿತ್ರ ಸಾಕಾಗುತ್ತದೆ. ತಲೆ ತಗ್ಗಿಸಬೇಕಾದವಳು ಅವಳು ಎಂದು ಆ ಚಿತ್ರ ಬಾಯಿ ಬಿಡದೆ ಹೇಳುತ್ತದೆ.

ಹೆಸರು ಹಾಕುವುದಿಲ್ಲ, ಸರಿ. ಆದರೆ ಗ್ರಾಮದ ಹೆಸರು, ಅಪ್ಪ ರಿಕ್ಷಾ ಬಿಡುವವರೋ ಮೀನು ವ್ಯಾಪಾರದವರೋ, ಮಗಳು ಎಷ್ಟನೇ ತರಗತಿ, ಎಷ್ಟು ಮಕ್ಕಳಲ್ಲಿ ಎಷ್ಟನೆಯವಳು, ಇಷ್ಟೆಲ್ಲ ಬರೆದ ಮೇಲೆ ಹೆಸರು ಯಾಕೆ ಬೇಕು ಮಾರಾಯ್ರೆ? ನಮ್ಮ ಮೊಹಲ್ಲಾಗಳಲ್ಲಿ ಇಷ್ಟು ಸುಳಿವು ಕೊಟ್ಟರೆ ಅಸರ್ ನಮಾಝಿಗೆ ಮುಂಚೆ ಮನೆ ನಂಬರು ಸಹಿತ ಗೊತ್ತಾಗುತ್ತದೆ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ನಿಷೇಧಿಸಿರುವುದು ಹೆಸರನ್ನು ಮಾತ್ರವಲ್ಲ. ವಿಳಾಸ, ಫೋಟೋ, ಕುಟುಂಬದ ವಿವರ, ಶಾಲೆ, ನೆರೆಹೊರೆ, ಗುರುತು ಹತ್ತುವಂಥ ಬೇರೆ ಯಾವುದೇ ವಿವರ, ಎಲ್ಲವೂ ಅದರಲ್ಲಿ ಬರುತ್ತದೆ. ತಪ್ಪಿದರೆ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಫಾರ್ವರ್ಡ್ ಮಾಡುವ ನಮ್ಮ ಮೊಬೈಲುಗಳಿಗೂ ಇದು ಬೇರೆ ಅಲ್ಲ. ವಾಟ್ಸಾಪ್ ಗ್ರೂಪಿನ ಅಡ್ಮಿನ್‌ಗಳಾದ ನಮ್ಮ ಅಣ್ಣ ತಮ್ಮಂದಿರು ಈ ಸೆಕ್ಷನನ್ನು ಒಂದು ಸಲ ಓದಿಕೊಂಡರೆ ಒಳ್ಳೆದು.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮುಳ್ಳು ಉಂಟು. ಹುಡುಗಿಯೋ ಹುಡುಗನೋ ಮುಸ್ಲಿಮ್ ಆಗಿದ್ದರೆ ಸುದ್ದಿಯ ಬಣ್ಣವೇ ಬದಲಾಗುತ್ತದೆ. ಟಿ.ವಿ.ಯಲ್ಲಿ ಅರ್ಧ ಗಂಟೆ ಚರ್ಚೆ, ಹಿಂದೆ ಬುರ್ಖಾದ ಚಿತ್ರ, ಜಿಹಾದ್ ಎನ್ನುವ ಶಬ್ದ. ಅದನ್ನು ನೋಡಿ ನೋಡಿ ನಮಗೆ ಒಂದು ಅಭ್ಯಾಸ ಆಗಿಬಿಟ್ಟಿದೆ: ಸುದ್ದಿ ಬಂದ ಕೂಡಲೇ ಸಮುದಾಯದ ಮರ್ಯಾದೆ ಕಾಯಲು ಓಡುವುದು. ‘ನಮ್ಮವನಾ, ಅವರವನಾ’ ಎಂದು ನೋಡುವುದು. ನಮ್ಮವನಾದರೆ ಸುದ್ದಿ ಅಡಗಿಸಬೇಕು, ಅವರವನಾದರೆ ಹತ್ತು ಗ್ರೂಪಿಗೆ ಕಳಿಸಬೇಕು. ಎರಡರಲ್ಲಿಯೂ ಆ ಹುಡುಗಿ ನಮಗೆ ಬೇಡ. ಬೇರೆಯವರು ನಮಗೆ ಮಾಡಿದ ಅನ್ಯಾಯವನ್ನು ನಾವು ಅವಳ ಲೆಕ್ಕಕ್ಕೆ ಬರೆಯುತ್ತೇವೆ.

ಈಗ ಇನ್ನೊಂದು ಬದಿ. ಮದುವೆಯಾದ ಹುಡುಗಿ ಗರ್ಭಿಣಿಯಾದರೆ ಪರದೆಯ ಮೇಲೆ ಎಂತ ಕಾಣುತ್ತದೆ? ಹಳೇ ಸಿನೆಮಾದಲ್ಲಿ ಹುಡುಗಿ ಬಾಯಿಗೆ ಸೆರಗು ಒತ್ತಿ ಒಳಗೆ ಓಡುತ್ತಾಳೆ, ಅತ್ತೆ ನಗುತ್ತಾಳೆ, ಡಾಕ್ಟರು ಶುಭಾಶಯ ಹೇಳುತ್ತಾರೆ, ಹಾಡು ಶುರು. ಆ ಹುಡುಗಿಗೆ ಹದಿನೇಳೋ ಇಪ್ಪತ್ತೇಳೋ ಎಂದು ಯಾವ ಡೈರೆಕ್ಟರನೂ ಹೇಳಿದ್ದಿಲ್ಲ. ಅದೇ ಹುಡುಗಿ ಕುತ್ತಿಗೆಯಲ್ಲಿ ತಾಳಿ ಇಲ್ಲದೆ ವಾಂತಿ ಮಾಡಿದರೆ ಹಿನ್ನೆಲೆಯಲ್ಲಿ ಗುಡುಗು, ಅಪ್ಪನಿಗೆ ಎದೆನೋವು, ಮುಂದಿನ ಸೀನಿನಲ್ಲಿ ಬಾವಿ. ಈಗಿನ ರೀಲ್ಸಿನಲ್ಲಿ ಹಾಡೂ ಇದೆ, ಲೈಟಿಂಗೂ ಇದೆ. ಗಂಡ ಹೆಂಡತಿಯ ವ್ಲಾಗ್, ‘ಪಾಸಿಟಿವ್’ ಬಂದ ದಿನದ ವಿಡಿಯೋ, ಹೊಟ್ಟೆಗೆ ಕೈಯಿಟ್ಟು ಬೀಚಿನಲ್ಲಿ ಫೋಟೋಶೂಟ್, ಮಗು ಹುಟ್ಟಿದ ದಿನ ಬಲೂನು. ನಮ್ಮ ಹೆಣ್ಮಕ್ಕಳು ಮಲಯಾಳಂ ವ್ಲಾಗುಗಳನ್ನು ಎಷ್ಟು ನೋಡುತ್ತಾರೆಂದು ಮನೆಯವರಿಗೆಲ್ಲ ಗೊತ್ತುಂಟು. ಮಗು ಮೂರು ಗಂಟೆ ರಾತ್ರಿ ಅಳುವಾಗ ಕ್ಯಾಮರಾ ಆಫ್. ರಕ್ತ ಕಡಿಮೆಯಾಗಿ ತಲೆ ತಿರುಗುವಾಗ ಆಫ್. ಗಂಡ ಏರ್‌ಪೋರ್ಟಿನ ಒಳಗೆ ಹೋದ ಮೇಲಿನ ಹತ್ತು ತಿಂಗಳು ಪೂರ್ತಿ ಆಫ್.

ಹೀಗೆ ನಮಗೆ ಸಿಕ್ಕಿರುವುದು ಎರಡೇ ಚಿತ್ರ. ಒಂದರಲ್ಲಿ ನಾಚಿಕೆ, ಇನ್ನೊಂದರಲ್ಲಿ ಬಲೂನು. ಎರಡರಲ್ಲಿಯೂ ಪ್ರಾಯದ ಮಾತು ಇಲ್ಲ.

ನಿಜ ಸಂಗತಿ ಬೇರೆಯೇ ಉಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 6.8ರಷ್ಟು ಮಂದಿ ಆಗಲೇ ತಾಯಂದಿರು ಅಥವಾ ಗರ್ಭಿಣಿಯರು. ಅದಕ್ಕಿಂತ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 7.9 ಇತ್ತು. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿಗೆ ಹದಿನೆಂಟರ ಒಳಗೆ ಮದುವೆಯಾಗಿತ್ತು. ಐದರಲ್ಲಿ ಒಬ್ಬಳಿಗಿಂತ ಹೆಚ್ಚಾಯಿತು. ಇದು ಎಲ್ಲ ಜಾತಿ ಧರ್ಮ ಸೇರಿದ ಲೆಕ್ಕ, ನಮ್ಮೊಬ್ಬರದ್ದಲ್ಲ. ಇದರಿಂದ ತಿಳಿಯುವುದೇನೆಂದರೆ ಈ ದೇಶದ ಹದಿಹರೆಯದ ತಾಯಂದಿರಲ್ಲಿ ಬಹುಪಾಲು ಮಂದಿ ಮದುವೆಯಾದವರು. ಪೇಪರಿನಲ್ಲಿ ಬರುವವಳು ಅಪರೂಪದವಳು. ಪೇಪರಿನಲ್ಲಿ ಬಾರದವಳು ಸಾಮಾನ್ಯದವಳು. ನಾವು ಅಪರೂಪದವಳನ್ನು ನೋಡಿ ಹೆದರಿ, ನಮ್ಮ ಮಗಳನ್ನು ಸಾಮಾನ್ಯದವಳ ಸಾಲಿಗೆ ಸೇರಿಸುತ್ತೇವೆ. ಮಾಮಿ ರೊಟ್ಟಿ ತಟ್ಟುತ್ತಾ ಹೇಳಿದ್ದು ಅದನ್ನೇ.

ಬಾರದವಳು ಒಮ್ಮೊಮ್ಮೆ ಸುದ್ದಿಗೆ ಬರುವುದೂ ಉಂಟು. 2022ರ ಅಕ್ಟೋಬರಿನಲ್ಲಿ ನಮ್ಮ ಹೈಕೋರ್ಟಿನ ಮುಂದೆ ಒಂದು ಪ್ರಕರಣ ಬಂತು. ಬೆಂಗಳೂರಿನ ಕೆ.ಆರ್. ಪುರದ ಕಡೆಯ ಹದಿನೇಳು ವರ್ಷದ ಮುಸ್ಲಿಮ್ ಹುಡುಗಿ, ಮದುವೆಯಾಗಿದೆ, ತಪಾಸಣೆಗೆ ಆಸ್ಪತ್ರೆಗೆ ಹೋದಾಗ ಗರ್ಭಿಣಿ ಎಂದು ಗೊತ್ತಾಗಿ ಪೊಲೀಸರಿಗೆ ಮಾಹಿತಿ ಹೋಯಿತು, ಗಂಡನ ಮೇಲೆ ಕೇಸಾಯಿತು. ಪ್ರಾಯಕ್ಕೆ ಬಂದ ಹುಡುಗಿಯ ಮದುವೆ ನಮ್ಮ ವೈಯಕ್ತಿಕ ಕಾನೂನಿನಲ್ಲಿ ಸಿಂಧು ಎಂದು ವಕೀಲರು ವಾದಿಸಿದರು. ಪೋಕ್ಸೊ ವಿಶೇಷ ಕಾನೂನು, ಅದು ವೈಯಕ್ತಿಕ ಕಾನೂನಿಗಿಂತ ಮೇಲೆ ಎಂದು ಕೋರ್ಟು ಹೇಳಿತು. ಗಂಡನಿಗೆ ಜಾಮೀನೂ ಕೊಟ್ಟಿತು. ಮರುದಿನ ಎಲ್ಲ ಕಡೆ ‘ಶರೀಅತ್ ವರ್ಸಸ್ ಪೋಕ್ಸೊ’. ನಮ್ಮ ಗ್ರೂಪುಗಳಲ್ಲಿ ಶರೀಅತ್‌ಗೆ ಅಪಾಯ ಬಂತೆಂದು ಸಂದೇಶ, ಅವರ ಗ್ರೂಪುಗಳಲ್ಲಿ ಶರೀಅತ್‌ಗೆ ಬುದ್ಧಿ ಕಲಿಸಿದರೆಂದು ಸಂದೇಶ. ಆ ಹುಡುಗಿಗೆ ಹೆರಿಗೆ ಸುಸೂತ್ರ ಆಯಿತಾ? ಗಂಡ ಕೇಸಿನಲ್ಲಿ ಸಿಕ್ಕಿಬಿದ್ದಾಗ ಅವಳು ಯಾರ ಮನೆಯಲ್ಲಿ ಇದ್ದಳು? ನಾನು ಓದಿದ ಒಂದು ವರದಿಯಲ್ಲೂ ಈ ಮಾತು ಇರಲಿಲ್ಲ. 2017ರಲ್ಲೇ ಸುಪ್ರೀಂ ಕೋರ್ಟು, ಹದಿನೆಂಟು ಆಗದ ಹೆಂಡತಿಯ ಜೊತೆ ಗಂಡನ ಸಂಬಂಧವೂ ಅತ್ಯಾಚಾರ ಎಂದು ಹೇಳಿಯಾಗಿದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಇವೆಲ್ಲ ಹಿಂದೂ, ಕ್ರೈಸ್ತ, ಮುಸ್ಲಿಮ್ ಎನ್ನದೆ ಎಲ್ಲರ ಮನೆಗೂ ತಾಗುವ ಮಾತು. ಟಿ.ವಿ.ಯಲ್ಲಿ ನಮ್ಮ ಮನೆಗೆ ಮಾತ್ರ ತಾಗುವ ಹಾಗೆ ತೋರಿಸಿದರು, ನಾವು ನಂಬಿಬಿಟ್ಟೆವು.

ನಮ್ಮ ಭಾಷೆಯ ಸಿನೆಮಾದ ವಿಷಯ ಹೇಳದಿದ್ದರೆ ತಪ್ಪಾದೀತು. 2011ರಲ್ಲಿ ಕೆ.ಪಿ. ಸುವೀರನ್ ಅವರ ‘ಬ್ಯಾರಿ’ ಬಂತು, ಬ್ಯಾರಿ ಭಾಷೆಯ ಮೊದಲ ಚಿತ್ರ. ಮರಾಠಿಯ ‘ದೇವೂಳ್’ ಜೊತೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಹಂಚಿಕೊಂಡಿತು. ಅದರ ನಾದಿರಾ, 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾಳೇ ಎಂದು ಸಾರಾ ಅವರು ಕೋರ್ಟಿಗೆ ಹೋಗಬೇಕಾಯಿತು, ಆ ಕಥೆ ಬೇರೆ. ನನಗೆ ನೆನಪಿರುವುದು ಆಗ ನಮ್ಮಲ್ಲಿ ನಡೆದ ಗಲಾಟೆ. ತಲಾಖ್ ಹಾಗೆ ತೋರಿಸಿದ್ದು ಸರಿಯಾ, ಸಮುದಾಯದ ಹೆಸರು ಹಾಳಾಯಿತಲ್ಲ, ಪ್ರಶಸ್ತಿ ಕೊಟ್ಟದ್ದೇ ನಮ್ಮನ್ನು ಕೀಳು ಮಾಡಲಿಕ್ಕೆ ಎಂದು. ಹೊಗಳಿದವರೂ ತಲಾಖ್ ಬಗ್ಗೆಯೇ ಹೊಗಳಿದರು. ನಾದಿರಾ ಆಡುವ ಪ್ರಾಯದಲ್ಲಿ ಮದುವೆಯಾಗಿ, ತಾನು ಬೆಳೆಯುವ ಮೊದಲು ಮಗು ಬೆಳೆಸಲು ಕೂತವಳು ಎನ್ನುವುದನ್ನು ಯಾರಾದರೂ ಎತ್ತಿದ್ದು ನಾನು ಕೇಳಲಿಲ್ಲ. ಅಪ್ಪನ ಹಟ, ಗಂಡನ ಬಾಯಿಮಾತು, ಊರಿನವರ ಪಂಚಾಯಿತಿ ಇವುಗಳ ಎದುರು ಅವಳಿಗೆ ಒಂದು ಮಾತೂ ಆಡಲಿಕ್ಕಾಗದ್ದು ಯಾಕೆ? ಅಷ್ಟು ಸಣ್ಣವಳಾಗಿದ್ದಳು, ಅದಕ್ಕೆ. ಸಾರಾ ಅವರು 2023ರ ಜನವರಿಯಲ್ಲಿ ತೀರಿಕೊಂಡಾಗಲೂ ನಾವು ಬರೆದ ನುಡಿನಮನಗಳಲ್ಲಿ ಅದೇ ಹಳೇ ತಲಾಖ್ ಚರ್ಚೆ.

ಚಿತ್ರ ನೋಡಿ ಜನ ಬದಲಾಗುತ್ತಾರೆ ಎನ್ನಲಿಕ್ಕೆ ಎಂತ ಪುರಾವೆ ಎಂದು ನನ್ನ ಮಗ ಕೇಳಿದ. ಅಮೆರಿಕದ ಒಂದು ಉದಾಹರಣೆ ಹೇಳಿದೆ. 2009ರಲ್ಲಿ ಎಂ.ಟಿ.ವಿ.ಯಲ್ಲಿ ‘16 ಆ್ಯಂಡ್ ಪ್ರೆಗ್ನೆಂಟ್’ ಎಂಬ ಕಾರ್ಯಕ್ರಮ ಶುರುವಾಯಿತು. ಹದಿಹರೆಯದ ನಿಜವಾದ ಹುಡುಗಿಯರು, ಬಸುರಿನಿಂದ ಬಾಣಂತನದವರೆಗೆ ಅವರ ದಿನಚರಿ. ಉಪದೇಶ ಇಲ್ಲ. ನಿದ್ದೆಗೆಟ್ಟ ರಾತ್ರಿ, ಜಗಳ, ಬಿಟ್ಟುಹೋಗುವ ಹುಡುಗ, ಅರ್ಧಕ್ಕೆ ನಿಂತ ಶಾಲೆ. ಮೆಲಿಸ್ಸಾ ಕಿಯರ್ನಿ, ಫಿಲಿಪ್ ಲೆವೈನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ, ಆ ಕಾರ್ಯಕ್ರಮ ಶುರುವಾದ ಹದಿನೆಂಟು ತಿಂಗಳಲ್ಲಿ ಹದಿಹರೆಯದ ಹೆರಿಗೆಗಳು ಅದರಿಂದಾಗಿ ಶೇ. 5.7ರಷ್ಟು ಇಳಿದವು ಎಂದರು. ಆ ಲೆಕ್ಕದ ರೀತಿ ಸರಿಯಿಲ್ಲ ಎಂದು ಬೇರೆ ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ, ಹಾಗಾಗಿ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿದ್ದು ಎಂದುಕೊಳ್ಳಬೇಡಿ. ಇಂಡಿಯಾನಾ ವಿಶ್ವವಿದ್ಯಾನಿಲಯದವರು ಮಾಡಿದ ಇನ್ನೊಂದು ಅಧ್ಯಯನದಲ್ಲಿ ಉಲ್ಟಾ ಸಂಗತಿ ಕಂಡಿತು: ಇಂಥ ಕಾರ್ಯಕ್ರಮಗಳನ್ನು ತುಂಬಾ ನೋಡುವ ಹುಡುಗಿಯರು, ಹದಿಹರೆಯದ ತಾಯಂದಿರಿಗೆ ಒಳ್ಳೆ ಆದಾಯ, ಒಳ್ಳೆ ಬದುಕು ಇರುತ್ತದೆಂದು ನಂಬಿದ್ದರು. ಆ ತಾಯಂದಿರು ಪತ್ರಿಕೆಗಳ ಮುಖಪುಟದಲ್ಲಿ ಬರತೊಡಗಿದ್ದರಲ್ಲ! ಮಗನಿಗೆ ನಾನು ಹೇಳಿದ್ದು ಇಷ್ಟು: ಕಷ್ಟದ ರಾತ್ರಿಯನ್ನು ತೋರಿಸಿದರೆ ಒಂದು ಪಾಠ, ಮುಖಪುಟ ತೋರಿಸಿದರೆ ಇನ್ನೊಂದು. ನಮ್ಮ ಕಡೆ ತೋರಿಸುವುದು ಪೊಲೀಸ್ ಠಾಣೆ ಮತ್ತು ಬಲೂನು. ರಾತ್ರಿಯನ್ನು ಯಾರೂ ತೋರಿಸುವುದಿಲ್ಲ.

‘ನಮ್ಮ ಅಜ್ಜಿಯಂದಿರು ಹದಿನೈದಕ್ಕೇ ಹೆತ್ತವರಲ್ವಾ, ಅವರಿಗೆ ಎಂತ ಆಯಿತು?’ ಎನ್ನುವವರು ಇದ್ದಾರೆ. ನನ್ನ ಉಮ್ಮನ ಉಮ್ಮನಿಗೆ ಹದಿನಾಲ್ಕಕ್ಕೆ ಮದುವೆ. ಒಂಬತ್ತು ಹೆರಿಗೆ, ಉಳಿದದ್ದು ಐದು. ಮೊದಲಿನ ಎರಡೂ ಹೋದವು. ಎಂಬತ್ತು ವರ್ಷ ಆದ ಮೇಲೂ ಮೊದಲನೆಯದ್ದರ ಮಾತು ಬಂದರೆ ಅಜ್ಜಿ ತಸ್ಬೀಹ್ ಮಣಿ ತಿರುಗಿಸುವುದನ್ನು ನಿಲ್ಲಿಸುತ್ತಿದ್ದರು. ‘ಎಂತ ಆಯಿತು’ ಎಂದು ಅವರನ್ನು ಕೇಳಿದವರು ಯಾರು? ಡಾಕ್ಟರುಗಳು ಹೇಳುವುದು ಸರಳ ಮಾತು: ಹುಡುಗಿಯ ಮೈ ತಾನೇ ಬೆಳೆಯುತ್ತಿರುವಾಗ ಒಳಗೆ ಇನ್ನೊಂದು ಜೀವ ಬೆಳೆದರೆ ರಕ್ತಹೀನತೆ, ಬಿ.ಪಿ. ಏರಿ ಫಿಟ್ಸ್ ಬರುವ ಭಯ, ತಿಂಗಳು ತುಂಬದ ಹೆರಿಗೆ, ತೂಕ ಕಡಿಮೆಯ ಮಗು, ಇವೆಲ್ಲ ಹೆಚ್ಚು. ನಿಕಾಹ್ ಆಗಿದೆಯಾ ಇಲ್ಲವಾ ಎಂದು ಗರ್ಭಕೋಶ ನೋಡುವುದಿಲ್ಲ.

ಇದರಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವುದು ಒಂದು ವಿಷಯ. ‘ಪೇಪರಿನಲ್ಲಿ ಬರ್ತದೆ’ ಎಂಬ ಒಂದು ಭಯಕ್ಕೆ ಮನೆಯವರು ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ. ಶಾಲೆಯಲ್ಲಿ ಇದ್ದಾಗ ಒಬ್ಬಳು ಹೀಗೆ ತಿಂಗಳುಗಟ್ಟಲೆ ಬರುವುದು ನಿಂತಿತು. ಮನೆಗೆ ಹೋದರೆ ‘ಅಜ್ಜಿ ಮನೆಗೆ ಹೋಗಿದ್ದಾಳೆ’ ಎಂದರು. ಒಳಗಿನ ಕೋಣೆಯ ಬಾಗಿಲ ಸಂದಿನಲ್ಲಿ ಅವಳ ಕಾಲು ಕಾಣುತ್ತಿತ್ತು. ನಾನು ಚಾ ಕುಡಿದು ವಾಪಸ್ ಬಂದೆ. ಆಮೇಲೆ ಅವಳಿಗೆ ಎಂತ ಆಯಿತೆಂದು ಹೇಳುವುದು ಬೇಡ, ಆ ಮನೆಯವರೂ ಈ ಪುಟ ಓದುವವರೇ.

ಆ ದಿನ ನನಗೆ ಗೊತ್ತಿಲ್ಲದ, ಈಗ ಎಲ್ಲರಿಗೂ ಗೊತ್ತಿರಬೇಕಾದ ಒಂದು ಸಂಗತಿ ಉಂಟು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಗರ್ಭಪಾತದ ಬಗ್ಗೆ ಒಂದು ದೊಡ್ಡ ತೀರ್ಪು ಕೊಟ್ಟಿತು. ‘ಅವಿವಾಹಿತೆಯರಿಗೂ ಗರ್ಭಪಾತದ ಹಕ್ಕು’ ಎಂದು ಎಲ್ಲ ಪೇಪರಿನಲ್ಲೂ ಬಂತು, ನಮ್ಮಲ್ಲಿ ಅನೇಕರು ಮುಖ ತಿರುಗಿಸಿ ಪುಟ ಮಗುಚಿದರು. ಅದೇ ತೀರ್ಪಿನ ಒಳಗೆ ಇನ್ನೊಂದು ಮಾತು ಇತ್ತು. ಹದಿನೆಂಟರ ಒಳಗಿನ ಹುಡುಗಿ ಗರ್ಭಪಾತಕ್ಕೆ ಬಂದಾಗ ಡಾಕ್ಟರು ಪೋಕ್ಸೊ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಆದರೆ ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಆ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ ಎಂದು. ಅಪ್ರಾಪ್ತ ವಯಸ್ಸಿನವರಿಗೆ 24 ವಾರದವರೆಗೆ ಕಾನೂನಿನಲ್ಲಿ ಅವಕಾಶವೂ ಉಂಟು. ದೀನಿನ ದೃಷ್ಟಿಯಲ್ಲಿ ಯಾವುದಕ್ಕೆ ಅನುಮತಿ, ಯಾವುದಕ್ಕೆ ಇಲ್ಲ ಎಂದು ಹೇಳುವವಳು ನಾನಲ್ಲ, ಅದನ್ನು ತಿಳಿದ ಉಲಮಾಗಳನ್ನು ಕೇಳಬಹುದು, ಕೇಳಲಿಕ್ಕೆ ನಾಚಿಕೆ ಬೇಡ. ಹುಡುಗಿ ಹೆರುವುದಾದರೂ ಸರಿ, ಹೆರದಿರುವುದಾದರೂ ಸರಿ, ಡಾಕ್ಟರ ಹತ್ತಿರ ಹೋಗಬೇಕು, ಬೇಗ ಹೋಗಬೇಕು. ಮೂರನೇ ತಿಂಗಳಿಗೂ ಆರನೇ ತಿಂಗಳಿಗೂ ಜೀವದ ಲೆಕ್ಕದಲ್ಲಿ ತುಂಬಾ ವ್ಯತ್ಯಾಸ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ 1098, ಮಕ್ಕಳ ಸಹಾಯವಾಣಿ, ದುಡ್ಡು ಇಲ್ಲದೆ ಫೋನು ಮಾಡಬಹುದು. ‘ಅಪ್ರಾಪ್ತೆ ಗರ್ಭಿಣಿ’ ಸುದ್ದಿಯ ಕೆಳಗೆ ಈ ನಂಬರನ್ನು ಒಂದು ಸಾಲಿನಲ್ಲಿ ಹಾಕಿದ್ದನ್ನು ನಾನು ನೋಡಿದ ನೆನಪಿಲ್ಲ. ಜಾಹೀರಾತಿಗೆ ಜಾಗ ಉಂಟು.

ನಮ್ಮಲ್ಲಿ ಬಸುರಿ ಹೆಂಗಸರಿಗೆ ಸೂರಃ ಮರ್ಯಮ್ ಓದಲು ಹೇಳುತ್ತೇವೆ. ಮರ್ಯಮ್ ಬೀವಿಯ ಪಾವಿತ್ರ್ಯದ ಜೊತೆ ಯಾರನ್ನೂ ಹೋಲಿಸುವ ಮಾತು ಇದಲ್ಲ, ಅಲ್ಲಾಹನ ಕಾವಲು. ನಾನು ನೋಡುವುದು ಅಲ್ಲಿನ ಕ್ರಮವನ್ನು. ಹೆರಿಗೆ ನೋವಿನಲ್ಲಿ ಖರ್ಜೂರದ ಮರಕ್ಕೆ ಒರಗಿ, ಇದಕ್ಕಿಂತ ಮುಂಚೆ ಸತ್ತಿದ್ದರೆ ಆಗಿತ್ತು ಎನ್ನುವ ಹೆಣ್ಣಿಗೆ ಮೊದಲು ಸಿಕ್ಕಿದ್ದು ಸಾಂತ್ವನ, ಕುಡಿಯಲು ನೀರು, ತಿನ್ನಲು ಹಣ್ಣು. ಊರಿನವರು ಅವಳ ತಂದೆ ತಾಯಿಯ ಹೆಸರೆತ್ತಿ ಆಡಿಕೊಳ್ಳುವುದು ಆಮೇಲೆ ಬರುತ್ತದೆ. ‘ಯಾರ ಮಗಳಂತೆ’ ಎಂಬ ನಮ್ಮ ಚಾವಡಿಯ ಪ್ರಶ್ನೆಗೂ ಅವರ ಪ್ರಶ್ನೆಗೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಈ ಪುಟಕ್ಕೂ ಒಂದು ಮಾತು ಹೇಳಿಬಿಡುತ್ತೇನೆ, ಹಾಕುವುದು ಬಿಡುವುದು ಸಂಪಾದಕರಿಗೆ ಬಿಟ್ಟದ್ದು. ಎಸೆಸೆಲ್ಸಿ ರಿಸಲ್ಟ್ ಬಂದಾಗ ನಮ್ಮ ಹುಡುಗಿಯರ ಫೋಟೋ ಸಾಲು ಸಾಲಾಗಿ ಇಲ್ಲಿ ಬರುತ್ತದೆ, ನೋಡಿ ಹೊಟ್ಟೆ ತುಂಬುತ್ತದೆ. ನಾಲ್ಕು ವರ್ಷದ ನಂತರ ಅದೇ ಹುಡುಗಿಯರು ಎಲ್ಲಿದ್ದಾರೆಂದು ಒಮ್ಮೆ ಹುಡುಕಿ ಬರೆಯಿರಿ. ಹೆಸರು ಬೇಡ, ಊರು ಬೇಡ, ಫೋಟೋ ಬೇಡ. ಎಷ್ಟು ಮಂದಿ ಕಾಲೇಜಿನಲ್ಲಿ, ಎಷ್ಟು ಮಂದಿ ತಾಯಿ ಕಾರ್ಡ್ ಹಿಡಿದು ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ, ಅವರ ರಾತ್ರಿ ಹೇಗಿರುತ್ತದೆ, ಮತ್ತೆ ಓದಲು ಮನಸ್ಸುಂಟಾ ಎಂದು ಕೇಳಿ ಬರೆಯಿರಿ. ಜಮಾಅತಿನವರು ನಿಕಾಹ್ ರಿಜಿಸ್ಟರಿನಲ್ಲಿ ಹುಡುಗಿಯ ಪ್ರಾಯದ ದಾಖಲೆ ನೋಡುವುದು ಈಗ ಎಷ್ಟೋ ಕಡೆ ಉಂಟು, ಒಳ್ಳೆ ಕೆಲಸ. ಆದರೆ ಹದಿನೆಂಟು ಎನ್ನುವುದು ಕಾನೂನು ಹಾಕಿದ ಬೇಲಿ. ನಾವು ಅದನ್ನು ಬಸ್ಸಿನ ಟೈಮ್ ಎಂದುಕೊಂಡಿದ್ದೇವೆ, ಆದ ಕೂಡಲೇ ಹತ್ತಿಸಿ ಕಳಿಸಬೇಕೆಂದು.

ಆ ರಾತ್ರಿ ರೊಟ್ಟಿ ಕೆಲಸ ಮುಗಿದು ಎಲ್ಲರೂ ಎದ್ದ ಮೇಲೆ ಸಣ್ಣ ಸೊಸೆ ನನ್ನ ಹತ್ತಿರ ಬಂದಳು. “ಟೀಚರ್, ಮೈಸೂರಿನ ಓಪನ್ ಯೂನಿವರ್ಸಿಟಿಯದ್ದು ಮಂಗಳೂರಲ್ಲಿ ಸೆಂಟರ್ ಉಂಟಲ್ವಾ, ಬಿ.ಕಾಮ್‌ಗೆ ಫೀಸ್ ಎಷ್ಟಾಗ್ತದೆ?” ಎಂದು ಮೆಲ್ಲಗೆ ಕೇಳಿದಳು. ಪಿಯುಸಿಯಲ್ಲಿ ಎಷ್ಟು ಬಂದಿತ್ತು ಎಂದೆ. “ತೊಂಬತ್ತೊಂದು ಪರ್ಸೆಂಟ್” ಎಂದಳು. ಅಷ್ಟೊತ್ತಿಗೆ ಒಳಗಿನಿಂದ ಅವಳನ್ನು ಕರೆದರು, ಗಂಡನ ವಿಡಿಯೋ ಕಾಲ್ ಬಂದಿತ್ತು. ನನ್ನ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟೆ. ಫೀಸು ವಿಚಾರಿಸಿ ಇಟ್ಟಿದ್ದೇನೆ, ಫೋನು ಇನ್ನೂ ಬಂದಿಲ್ಲ.